ಕೆನ್ನೆಗೆ ಜಾರುವ ಔಷಧಿ ಮತ್ತು ಔಷಧಿ ತುಂಬಿದ ಲೆನ್ಸ್

ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡವರಿಗೆ ಇದು ಗೊತ್ತು. ರೆಪ್ಪೆ ಬಡಿದ ಕೂಡಲೇ ಅರ್ಧ ಹನಿ ಕೆನ್ನೆಗೆ ಇಳಿಯುತ್ತದೆ. ಇನ್ನಷ್ಟು ಔಷಧಿ ಕಣ್ಣೀರಿನ ದಾರಿ ಹಿಡಿದು ಮೂಗಿಗೆ, ಗಂಟಲಿಗೆ ಹೋಗುತ್ತದೆ. ಕೆಲವೊಮ್ಮೆ ಬಾಯಿ ಕಹಿಯಾಗುವುದು ಅದಕ್ಕೇ. ಕಣ್ಣಿನ ಒಳಗೆ ಸೇರುವುದು ನೂರಕ್ಕೆ ಹೆಚ್ಚೆಂದರೆ ಐದು ಪಾಲು.

ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರ ಹಾಳಾಗುವ ಕಾಯಿಲೆ, ಇರುವ ಹಿರಿಯರು ನಡುಗುವ ಕೈಯಲ್ಲಿ ವರ್ಷಗಟ್ಟಲೆ ಈ ಹನಿಗಳನ್ನೇ ನಂಬಿಕೊಂಡಿರಬೇಕು. ಒಂದು ದಿನ ಮರೆತರೆ ನೋವೇನೂ ಆಗುವುದಿಲ್ಲ. ದೃಷ್ಟಿ ಮಾತ್ರ ಸದ್ದಿಲ್ಲದೆ ಹೋಗುತ್ತಿರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ.

ಔಷಧಿಯನ್ನು ಕಣ್ಣಿಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸ್‌ನಲ್ಲೇ ಇಟ್ಟುಬಿಟ್ಟರೆ ಆಗಲ್ವಾ? ಈ ಯೋಚನೆಗೆ ಹೆಚ್ಚುಕಡಿಮೆ ಮೆತ್ತನೆ ಲೆನ್ಸ್‌ನಷ್ಟೇ ವಯಸ್ಸಾಗಿದೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಒಟ್ಟೊ ವಿಕ್ಟರ್ಲೆ ಮಕ್ಕಳ ಆಟದ ಸೆಟ್‌ನ ತುಂಡುಗಳನ್ನೂ ಸೈಕಲ್ ಡೈನಮೊವನ್ನೂ ಜೋಡಿಸಿ, ಮನೆಯಲ್ಲೇ ಮೆತ್ತನೆ ಲೆನ್ಸ್ ಮಾಡಿದರು. ಅದು ನೀರು ಕುಡಿಯುವ ವಸ್ತು. ನೀರಿನ ಜೊತೆ ಔಷಧಿಯನ್ನೂ ಹಿಡಿದಿಡಬಹುದು, ಅದು ನಿಧಾನವಾಗಿ ಹೊರಬರುತ್ತದೆ ಎಂದು 1965ರ ಅವರ ಅಮೆರಿಕನ್ ಪೇಟೆಂಟ್‌ನಲ್ಲೇ ಬರೆದಿದೆ.

ಆ 'ನಿಧಾನ'ವೇ ಕೈಕೊಟ್ಟಿತು. ಸುಮ್ನೆ ಔಷಧಿಯಲ್ಲಿ ನೆನೆಸಿದ ಲೆನ್ಸ್ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಮೊದಲು ಜಾಸ್ತಿ, ಆಮೇಲೆ ಏನೂ ಇಲ್ಲ. ಮುಂದಿನ ದಶಕಗಳ ಕೆಲಸವೆಲ್ಲ ಔಷಧಿಯನ್ನು ತಡೆದು ನಿಲ್ಲಿಸುವುದೇ ಆಯಿತು. ಫ್ಲೋರಿಡಾ ವಿಶ್ವವಿದ್ಯಾಲಯದ ಅನುಜ್ ಚೌಹಾನ್ ತಂಡ ಲೆನ್ಸ್ ಒಳಗೆ ವಿಟಮಿನ್ ಇ ಸೇರಿಸಿತು. ಔಷಧಿ ಅದನ್ನು ಸುತ್ತಿಕೊಂಡು ಬರಬೇಕು, ಹಾಗಾಗಿ ತಡವಾಗುತ್ತದೆ. ಬಾಸ್ಟನ್‌ನಲ್ಲಿ ಸಂಶೋಧಕರಾದ ಜೋಸೆಫ್ ಸಿಯೊಲಿನೊ ಮತ್ತು ಡೇನಿಯಲ್ ಕೊಹಾನೆ ಔಷಧಿಯ ತೆಳು ಪದರವನ್ನು ಲೆನ್ಸ್ ಅಂಚಿನಲ್ಲಿ ಉಂಗುರದಂತೆ ಕೂರಿಸಿ, ನೋಡಲು ನಡುವನ್ನು ಖಾಲಿ ಬಿಟ್ಟರು. 2014ರಲ್ಲಿ ಮೊಲದ ಕಣ್ಣಲ್ಲಿ ಅದು ಒಂದು ತಿಂಗಳು ಔಷಧಿ ಕೊಟ್ಟಿತು. 2016ರಲ್ಲಿ ಗ್ಲಾಕೋಮಾ ಇದ್ದ ಕೋತಿಗಳಲ್ಲಿ ಕಣ್ಣಿನ ಒತ್ತಡ ಡ್ರಾಪ್ಸ್‌ಗೆ ಕಡಿಮೆಯಿಲ್ಲದಂತೆ ಇಳಿಯಿತು.

ಆದರೆ 2022ರಲ್ಲಿ ಅಮೆರಿಕದ ಒಪ್ಪಿಗೆ ಪಡೆದದ್ದು ಬೇರೆಯೇ ಲೆನ್ಸ್: ಜಾನ್ಸನ್ ಅಂಡ್ ಜಾನ್ಸನ್‌ನ ಅಕ್ಯುವ್ಯೂ ಥೆರಾವಿಷನ್. ಅಲರ್ಜಿಯಿಂದ ಬರುವ ಕಣ್ಣಿನ ತುರಿಕೆಗೆ ಅದರಲ್ಲಿ 19 ಮೈಕ್ರೊಗ್ರಾಂ ಕೀಟೋಟಿಫೆನ್ ಎಂಬ ಔಷಧಿ ಇದೆ. ಬೆಳಿಗ್ಗೆ ಹಾಕಿ ರಾತ್ರಿ ಬಿಸಾಡುವ ಲೆನ್ಸ್. ವಾರಗಟ್ಟಲೆ ತಡೆದಿಡುವ ಕಷ್ಟವೇ ಇಲ್ಲಿ ಬರಲಿಲ್ಲ, ಅದಕ್ಕೇ ಇದು ಮೊದಲು ಗೆದ್ದಿತು ಅನ್ನಿಸುತ್ತದೆ.

ಗ್ಲಾಕೋಮಾದವರ ಲೆನ್ಸ್‌ಗೆ ದಾರಿ ಇನ್ನೂ ಉದ್ದವಿದೆ. ತಿಂಗಳು ಪೂರ್ತಿ ಕಣ್ಣಲ್ಲೇ ಇರಬೇಕೆಂದರೆ ಅದನ್ನು ಹಾಕಿಕೊಂಡೇ ಮಲಗಬೇಕು. ಹಾಗೆ ಮಲಗಿದರೆ ಕಣ್ಣಿಗೆ ಸೋಂಕು ತಗಲುವ ಭಯ ಜಾಸ್ತಿ. ಹನಿ ಹಾಕಲು ನಡುಗುವ ಅದೇ ಕೈ ಲೆನ್ಸ್ ಕೂರಿಸುವುದಾದರೂ ಹೇಗೆ?