ಸಾಲದ ನೆಪ, ಶುಕ್ರವಾರದ ಊಟ: ‘ಗಿಲ್ಮೋರ್ ಗರ್ಲ್ಸ್’ನ ತಾಯಿ-ಮಗಳು

2000ರಿಂದ 2007ರವರೆಗೆ ಪ್ರಸಾರವಾದ ಈ ಅಮೆರಿಕನ್ ಸರಣಿಯೆಂದರೆ ಎಲ್ಲರಿಗೂ ನೆನಪಾಗುವುದು ಗೆಳತಿಯರಂತಿರುವ ಲೋರಲೈ ಮತ್ತು ಅವಳ ಮಗಳು ರೋರಿ. ಚಿತ್ರಕಥೆ ಕಲಿಯುವ ನಮಗೆ ಹೆಚ್ಚು ದಕ್ಕುವುದು ಲೋರಲೈ ಮತ್ತು ಅವಳ ಹೆತ್ತಮ್ಮ ಎಮಿಲಿಯ ಜಟಾಪಟಿ.

ಹಿನ್ನೆಲೆ ಇಷ್ಟೇ. ಹಾರ್ಟ್‌ಫರ್ಡ್ ನಗರದ ಸಿರಿವಂತರ ಮಗಳು ಲೋರಲೈ 16ನೇ ವಯಸ್ಸಿಗೇ ತಾಯಿಯಾಗುತ್ತಾಳೆ, ಮದುವೆ ಒಲ್ಲೆನೆನ್ನುತ್ತಾಳೆ, ಕೂಸನ್ನೆತ್ತಿಕೊಂಡು ಮನೆ ಬಿಡುತ್ತಾಳೆ. ಸಣ್ಣ ಊರೊಂದರ ವಸತಿಗೃಹದಲ್ಲಿ ಕೋಣೆ ಶುಚಿ ಮಾಡುವ ಕೆಲಸಕ್ಕೆ ಸೇರುತ್ತಾಳೆ. ವರ್ಷಗಳ ನಂತರ ರೋರಿಗೆ ದುಬಾರಿ ಶಾಲೆಯಲ್ಲಿ ಸೀಟು ಸಿಗುತ್ತದೆ. ಶುಲ್ಕಕ್ಕೆ ದುಡ್ಡಿಲ್ಲದ ಲೋರಲೈ ತವರಿನಲ್ಲಿ ಸಾಲ ಕೇಳುತ್ತಾಳೆ. ಎಮಿಲಿ ಕೊಡುತ್ತಾಳೆ, ಆದರೆ ಪ್ರತಿ ಶುಕ್ರವಾರ ರಾತ್ರಿ ಇಬ್ಬರೂ ಊಟಕ್ಕೆ ಬರಬೇಕು.

ಇಡೀ ಸರಣಿ ನಿಂತಿರುವುದು ಈ ಷರತ್ತಿನ ಮೇಲೆ. ಮಗಳನ್ನು ನೋಡಬೇಕೆಂದು ಬಾಯಿಬಿಟ್ಟು ಕೇಳುವ ಜಾಯಮಾನ ಎಮಿಲಿಯದಲ್ಲ. ಮಗಳ ಸಮಯವನ್ನು ಅವಳು ಬಡ್ಡಿಯಾಗಿ ವಸೂಲು ಮಾಡುತ್ತಾಳೆ. ಬರಹಗಾರರಿಗಂತೂ ಇದರಿಂದ ದೊಡ್ಡ ಅನುಕೂಲ: ಮುಖ ಕೊಟ್ಟು ಮಾತನಾಡದ ಇಬ್ಬರನ್ನು ವಾರವಾರ ಒಂದೇ ಮೇಜಿಗೆ ತರಲು ಹೊಸ ಕಾರಣ ಹುಡುಕಬೇಕಿಲ್ಲ.

ಮೊದಲ ಸೀಸನ್ನಿನ ಒಂದು ದೃಶ್ಯವನ್ನು ಬಿಡದೆ ನೋಡಿ. ವಸತಿಗೃಹದ ಹಿಂದೆ ತೋಟದ ಸಾಮಾನು ಇಡುವ ಶೆಡ್ಡಿದೆ. ಲೋರಲೈ ಮಗುವಿನೊಂದಿಗೆ ಮೊದಲು ಬಾಳಿದ್ದು ಅಲ್ಲಿಯೇ. ರೋರಿ ಅದನ್ನು ಅಜ್ಜಿಗೆ ಸಂಭ್ರಮದಿಂದ ತೋರಿಸುತ್ತಾಳೆ. ಮೊಮ್ಮಗಳಿಗೆ ಅದು ಬಾಲ್ಯದ ಮನೆ. ಅಜ್ಜಿಯ ಕಣ್ಣಿಗೆ, ತನ್ನ ಮನೆಗಿಂತ ಈ ಗೂಡೇ ಲೇಸೆಂದು ಮಗಳು ಬರೆದುಕೊಟ್ಟ ತೀರ್ಪು. ಎಮಿಲಿ ಆಮೇಲೆ ಸಿಡಿದೇಳುವಾಗ ಕೋಪದಡಿಯ ಅವಮಾನ ನಮಗೆ ಕಾಣುವುದು ಶೆಡ್ಡನ್ನು ನಾವೂ ನೋಡಿರುವುದರಿಂದಲೇ. ಇಬ್ಬರಲ್ಲಿ ಯಾರು ಸರಿ ಎಂದು ಸರಣಿ ಹೇಳುವುದಿಲ್ಲ. ಅದರ ಜಾಣ್ಮೆ ಅಲ್ಲಿದೆ.

ಮುಂದೆ ಹಣದ ಜಾಡು ಹಿಡಿದರೆ ಸಾಕು. ಮೂರನೇ ಸೀಸನ್ನಿನಲ್ಲಿ ಲೋರಲೈ ಸಾಲ ತೀರಿಸುತ್ತಾಳೆ. ಸಾಲ ತೀರಿದರೆ ಯಾರಿಗಾದರೂ ನೆಮ್ಮದಿಯಾಗಬೇಕು, ಎಮಿಲಿಗೆ ಆಗುವುದು ನೋವು. ಕೊನೆಗೆ ರೋರಿಯೇ ಯೇಲ್ ವಿಶ್ವವಿದ್ಯಾಲಯದ ಶುಲ್ಕಕ್ಕಾಗಿ ಅದೇ ಷರತ್ತಿಗೆ ಒಪ್ಪುತ್ತಾಳೆ. ಏಳನೇ ಸೀಸನ್ನಿನ ಅಂತಿಮ ಸಂಚಿಕೆಯಲ್ಲಿ ರೋರಿ ಕೆಲಸದ ಮೇಲೆ ಹೊರಟು ನಿಂತಾಗ, ಲೋರಲೈ ಈಗ ಸ್ವಂತವಾಗಿ ನಡೆಸುತ್ತಿರುವ ವಸತಿಗೃಹಕ್ಕೆ ಸ್ಪಾ ಕಟ್ಟಿಸಲು ಸಾಲ ಕೊಡುವೆನೆಂದು ಎಮಿಲಿ ದುಂಬಾಲು ಬೀಳುತ್ತಾಳೆ. ಮಗಳಿಗೆ ಈಗ ಆ ನೆಪದ ಗುಟ್ಟು ತಿಳಿಯುತ್ತದೆ. ಶುಕ್ರವಾರದ ಊಟ ತನಗೂ ರೂಢಿಯಾಗಿದೆ ಎಂದುಬಿಡುತ್ತಾಳೆ. ಸಾಲವಿಲ್ಲದೆ ಊಟ ಉಳಿಯುತ್ತದೆ.

ಸರಣಿಯ ಮುಂದುವರಿಕೆಯಾಗಿ 2016ರಲ್ಲಿ ಬಂದ ನಾಲ್ಕು ಕಂತುಗಳಲ್ಲಿ ತಾಯಿ-ಮಗಳಿಬ್ಬರನ್ನೂ ಮನೋಚಿಕಿತ್ಸಕರ ಮುಂದೆ ಕೂರಿಸಿದ ಭಾಗ ನನಗೆ ಪೇಲವವೆನಿಸಿತು. ಫೋನ್ ಕರೆಯ ದೃಶ್ಯ ಹಾಗಲ್ಲ. ತಂದೆಯ ಅಂತ್ಯಕ್ರಿಯೆಯ ದಿನ ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಆಡಲಾಗದೆ ತಾಯಿಯಿಂದ ಬೈಸಿಕೊಂಡಿದ್ದ ಲೋರಲೈ, ಎಷ್ಟೋ ದಿನಗಳ ಮೇಲೆ ತಾನೇ ಕರೆ ಮಾಡಿ, ಮನಸ್ಸು ಮುರಿದಿದ್ದ ತನ್ನ 13ನೇ ಹುಟ್ಟುಹಬ್ಬದಂದು ಅಪ್ಪ ಪ್ರೆಟ್ಜೆಲ್ ಎಂಬ ತಿನಿಸು ಕೊಡಿಸಿ ಸಿನಿಮಾಕ್ಕೆ ಕರೆದೊಯ್ದದ್ದನ್ನು ಹೇಳುತ್ತಾಳೆ. ಕ್ಷಮೆ ಎಂಬ ಮಾತು ಇಬ್ಬರ ಬಾಯಲ್ಲೂ ಬರುವುದಿಲ್ಲ.