ಆರೂವರೆ ಲಕ್ಷ ಜಾಸ್ತಿಯೋ, ಆರು ಲಕ್ಷ ಜಾಸ್ತಿಯೋ?

ರಾಜಿಯಲ್ಲಿ ಕೇಸು ಮುಗಿಸುವ ಲೋಕ ಅದಾಲತ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. “ಸರ್, ಕೋರ್ಟು ಕೊಟ್ಟಿದ್ದು 6 ಲಕ್ಷ. ಇನ್ಶೂರೆನ್ಸ್‌ನವರು ಅಪೀಲಿಗೆ ಹೋಗದೆ ಆರೂವರೆ ಕೊಡ್ತಾರಂತೆ. ಒಪ್ಕೊಳ್ಳೋಣ ಅಲ್ವಾ?” ನನ್ನನ್ನು ಕೇಳುವ ಹೊತ್ತಿಗೆ ಮನೆಮಂದಿಯೆಲ್ಲ ಒಪ್ಪಿ ಆಗಿರುತ್ತದೆ.

ಇಪ್ಪತ್ತು ವರ್ಷದಿಂದ ಎಂವಿಸಿ, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ನಡೆಸುತ್ತಿದ್ದೇನೆ. ಈ ಮಾತು ಕೇಳಿದರೆ ಈಗಲೂ ತಾಳ್ಮೆ ತಪ್ಪುತ್ತದೆ. ಅವಾರ್ಡಿನಲ್ಲಿ, ಅಂದರೆ ಕೋರ್ಟಿನ ಪರಿಹಾರದ ಆದೇಶದಲ್ಲಿ, ಎಲ್ಲರೂ ಮೊತ್ತ ನೋಡುತ್ತಾರೆ. ಅದರ ಪಕ್ಕದಲ್ಲೇ ಇರುವ ‘ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ ಶೇ. 6ರಂತೆ ಬಡ್ಡಿ ಸಮೇತ’ ಎಂಬ ಮಾತನ್ನು ಯಾರೂ ಓದುವುದಿಲ್ಲ.

ಕಳೆದ ಸಲ ಒಬ್ಬ ತಾಯಿ ಬಂದಿದ್ದರು. ಮಗ ಗಾರೆ ಕೆಲಸದವನು. ಲಾರಿ ಗುದ್ದಿ ತೊಡೆಮೂಳೆ ಮುರಿದು, ಒಳಗೆ ರಾಡ್ ಹಾಕಿದ್ದರು. ಅವನ ಎಕ್ಸ್‌ರೇ ಕವರಿನ ಹಿಂದೆಯೇ ಲೆಕ್ಕ ಬರೆದು ತೋರಿಸಿದೆ. 6 ಲಕ್ಷಕ್ಕೆ ಶೇ. 6 ಅಂದರೆ ವರ್ಷಕ್ಕೆ 36,000. ಕೇಸು ನಡೆದಿದ್ದು 4 ವರ್ಷ. 1,44,000 ಆಯಿತು.

ಆದರೆ ಒಂದು ಎಚ್ಚರಿಕೆ. ಆ 6 ಲಕ್ಷದಲ್ಲಿ 40,000 ಮುಂದೆ ರಾಡ್ ತೆಗೆಸುವ ಆಪರೇಷನ್ನಿಗೆ ಕೊಟ್ಟಿದ್ದು. ಇನ್ನೂ ಮಾಡದ ಖರ್ಚಿಗೆ ಬಡ್ಡಿ ಇಲ್ಲ. ಸುಪ್ರೀಂ ಕೋರ್ಟ್ 1995ರಲ್ಲೇ ಹೀಗೆ ಹೇಳಿದೆ. ಅದನ್ನು ಕಳೆದರೆ 5,60,000ಕ್ಕೆ ಬಡ್ಡಿ 1,34,400. ಎಲ್ಲ ಸೇರಿ 7,34,400.

“ಈಗ ಹೇಳಿ ಅಮ್ಮ, ಆರೂವರೆ ಲಕ್ಷ ಜಾಸ್ತಿಯೋ?”

ಅವರು ಸುಮ್ನೆ ಕವರನ್ನೇ ನೋಡುತ್ತಾ ಕೂತರು. ಆಮೇಲೆ, “ಬಡ್ಡಿ ಅನ್ನೋದು ಅವರು ಮನಸ್ಸು ಮಾಡಿದ್ರೆ ಕೊಡೋದು ಅಂದ್ಕೊಂಡಿದ್ದೆ ಸಾರ್” ಅಂದರು.

ಅಲ್ಲ. ಆ ಹುಡುಗನಿಗೆ ಸಲ್ಲಬೇಕಾದ ಹಣ 4 ವರ್ಷ ಬೇರೆಯವರ ಕೈಯಲ್ಲಿತ್ತು. ಆ 4 ವರ್ಷ ಈ ತಾಯಿ ಕೈಸಾಲ ಮಾಡಿ ಮನೆ ನಡೆಸಿದ್ದಾರೆ. ಆ ಸಾಲಕ್ಕೆ ಇವರು ಬಡ್ಡಿ ಕಟ್ಟಿದ್ದಾರಲ್ಲ! ಅದರ ಮುಂದೆ ಶೇ. 6 ಏನೂ ಅಲ್ಲ. ದರ ಇಷ್ಟೇ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ, ಕೋರ್ಟಿನ ವಿವೇಚನೆಗೆ ಬಿಟ್ಟಿದೆ. 6, 7.5, 9 ಮೂರನ್ನೂ ನೋಡಿದ್ದೇನೆ. ಯಾವುದೇ ಆದರೂ ಸರಳ ಬಡ್ಡಿ, ಚಕ್ರಬಡ್ಡಿ ಅಲ್ಲ.

“ಆಕ್ಸಿಡೆಂಟ್ ಆದ ದಿನದಿಂದ ಲೆಕ್ಕ ಹಾಕಲ್ವಾ?” ಅಂತಲೂ ಕೇಳಿದರು. ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 171ನೇ ಕಲಂ ಪ್ರಕಾರ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನಿಂದ ಬಡ್ಡಿ ಕೊಡುವ ಹಾಗಿಲ್ಲ. ಇವರು ಬಂದಿದ್ದು ಅಪಘಾತವಾಗಿ 5 ತಿಂಗಳ ಮೇಲೆ. ಲಾರಿ ಓನರ್ “ನಾನೇ ನೋಡ್ಕೋತೀನಿ” ಅಂತ ಹೇಳುತ್ತಲೇ ಇದ್ದನಂತೆ. ಆ 5 ತಿಂಗಳ ಬಡ್ಡಿ ಸರಿಯಾಗಿ 14,000, ಹೋಯಿತು. ಗಾಯ ಮಾಯಲಿ, ಪೊಲೀಸ್ ಕೇಸು ಮುಗಿಯಲಿ ಅಂತ ಕಾಯುವವರೂ ಹೀಗೇ ಕಳೆದುಕೊಳ್ಳುತ್ತಾರೆ. ಅಂಗವಿಕಲತೆಯ ಸರ್ಟಿಫಿಕೇಟು ಆಮೇಲೆ ತಂದರೂ ನಡೆಯುತ್ತದೆ, ಅರ್ಜಿ ಮೊದಲು ಹಾಕಿ.

ರಾಜಿ ಬೇಡ ಅಂತ ನಾನು ಹೇಳುತ್ತಿಲ್ಲ. ಅಪೀಲು ಎಷ್ಟು ವರ್ಷ ಎಳೆಯುತ್ತದೋ ಯಾರೂ ಹೇಳಲಾರರು. ಮನೆಯಲ್ಲಿ ಕಷ್ಟ ಇದ್ದರೆ ಸ್ವಲ್ಪ ಬಿಟ್ಟುಕೊಡುವುದೇ ಸರಿ ಇರಬಹುದು. ಆದರೆ ಲೋಕ ಅದಾಲತ್‌ನಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ಸಹಿ ಹಾಕುವ ಮೊದಲೇ ‘ಬಡ್ಡಿ ಸೇರಿಸಿಯೋ, ಬಿಟ್ಟೋ’ ಅಂತ ಕೇಳಬೇಕು. ‘ಗ್ಲೋಬಲ್ ಅಮೌಂಟ್’ ಅಂದರೆ ಎಲ್ಲ ಸೇರಿಸಿಯೇ.

ಅದಾಲತ್ ದಿನ ಆ ತಾಯಿ ಎಕ್ಸ್‌ರೇ ಕವರನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಕಂಪನಿ ಅಧಿಕಾರಿ ಆರೂವರೆ ಎಂದ ಕೂಡಲೇ, ನಾನು ಬಾಯಿ ತೆರೆಯುವ ಮೊದಲೇ, “ಬಡ್ಡಿ ಎಲ್ಲಿ ಸಾರ್?” ಅಂದರು. 7,10,000ಕ್ಕೆ ಮುಗಿಯಿತು. ಹೊರಗೆ ಬಂದು, “24,400 ಬಿಟ್ಟೆ, ಪರವಾಗಿಲ್ಲ. ರಾಡ್ ತೆಗೆಸಬೇಕು, ತಡ ಮಾಡಬಾರದು” ಅಂದರು.