ಸಸಿಗೇ ಚೇಣಿ

ಹೋದ ಮೇ ತಿಂಗಳಲ್ಲಿ ಹೊಸನಗರ ಕಡೆಯ ತೋಟದವರೊಬ್ಬರು ಶಿವಮೊಗ್ಗದ ನನ್ನ ವಕೀಲಿ ಕಚೇರಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ಇಂಗ್ಲಿಷಿನಲ್ಲಿ ಹನ್ನೊಂದು ಪುಟದ ಅಗ್ರಿಮೆಂಟು. ಜೊತೆಗೆ ಹದಿನಾಲ್ಕು ವರ್ಷದ ಮಗ, ಮಂಡಿಯಲ್ಲಿ ಒಣಗಿದ ಗಾಯ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನ ಬಗರ್‌ಹುಕುಂ, ಪಾಲು, ಗಡಿ ತಕರಾರಿನವರು. ಇದೂ ಜಮೀನಿನದೇ ಇರಬೇಕು ಅಂದುಕೊಂಡೆ.

"ಸಾರ್, ದೊಡ್ಡ ಫುಟ್ಬಾಲ್ ಕ್ಲಬ್ಬಿನವರು ಇವನನ್ನ ಕೇಳ್ತಿದಾರೆ. ಸಹಿ ಹಾಕ್ಬಹುದಾ ನೋಡಿ."

ಓದಿದೆ. ಊಟ, ವಸತಿ, ತರಬೇತಿ, ಶಾಲೆ ಎಲ್ಲ ಅವರದೇ. ಬದಲಿಗೆ ಎಂಟು ವರ್ಷ ಹುಡುಗ ಬೇರೆಲ್ಲೂ ಆಡುವಂತಿಲ್ಲ. ಮಧ್ಯೆ ಬಿಟ್ಟು ಬಂದರೆ ಅಲ್ಲಿಯವರೆಗಿನ ಖರ್ಚಿನ ಮೂರು ಪಟ್ಟು ಅಪ್ಪ ಕಟ್ಟಬೇಕು. ಎಂಟು ವರ್ಷ ಮುಗಿದ ಮೇಲೂ ಬೇರೆ ಕ್ಲಬ್ ಕರೆದರೆ ಮೊದಲ ಹಕ್ಕು ಇವರದೇ. ಜನನ ಪ್ರಮಾಣಪತ್ರದ ಒರಿಜಿನಲ್ ಅವರ ಹತ್ತಿರವೇ ಇರಬೇಕು.

ಕನ್ನಡದಲ್ಲಿ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ಚೇಣಿ ಅಲ್ವಾ ಸಾರ್? ಆದ್ರೆ ಚೇಣಿದಾರ ಮರದಲ್ಲಿ ಗೊನೆ ನೋಡಿ ಮಾತಾಡ್ತಾನೆ. ಇವರು ಸಸಿಗೇ ಚೇಣಿ ಕೇಳ್ತಿದಾರೆ" ಅಂದರು.

ಬಯಲುಸೀಮೆಯ ಓದುಗರಿಗೆ: ಅಡಿಕೆ ಕೊಯ್ಲಿಗೆ ಮೊದಲೇ ಆ ವರ್ಷದ ಫಸಲನ್ನು ಒಬ್ಬರಿಗೆ ವಹಿಸಿಬಿಡುವುದೇ ಚೇಣಿ. ಸಸಿಗೆ ಯಾರೂ ಚೇಣಿ ಮಾಡುವುದಿಲ್ಲ. ಅದು ಫಸಲಿಗೆ ಬರಲು ಐದಾರು ವರ್ಷ ಬೇಕು. ಅಷ್ಟರಲ್ಲಿ ರೋಗ ಬಂದರೆ, ಮಳೆ ಕೈಕೊಟ್ಟರೆ, ಲೆಕ್ಕವೆಲ್ಲ ತಲೆಕೆಳಗು.

ಫುಟ್ಬಾಲಿನಲ್ಲಿ ಮಾತ್ರ ಸಸಿಗೇ ಬೇಡಿಕೆ. ಇಪ್ಪತ್ತೆರಡರ ಆಟಗಾರ ಬೇಕೆಂದರೆ ದೊಡ್ಡ ದುಡ್ಡು ಬಿಚ್ಚಬೇಕು. ಹದಿಮೂರರ ಹುಡುಗನಿಗೆ ಹಾಸ್ಟೆಲ್ ಊಟ, ಒಂದು ಜೊತೆ ಬೂಟು. ಹತ್ತು ಹುಡುಗರಲ್ಲಿ ಒಬ್ಬ ಗೆದ್ದರೂ ಹತ್ತೂ ಜನರ ಖರ್ಚು ವಾಪಸ್ ಬರುತ್ತದೆ. ಉಳಿದ ಒಂಬತ್ತು ಜನ ಏನಾದರು ಅನ್ನುವುದು ಯಾರ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಇದು ಎಲ್ಲಿಗೆ ಮುಟ್ಟಿತು ನೋಡಿ. ಮೊದಲು ಅಲ್ಲಿ ಹುಡುಗನ ವಿಷಯದಲ್ಲಿ ಎರಡು ಕ್ಲಬ್ಬಿನ ನಡುವೆ ರೇಟು ಕುದುರದಿದ್ದರೆ ಒಂದು ನ್ಯಾಯಮಂಡಳಿ ಕೂತು ಬೆಲೆ ಕಟ್ಟುತ್ತಿತ್ತು. 2012ರಲ್ಲಿ ಹೊಸ ಪದ್ಧತಿ ಬಂತು. ರೇಟು ಮೊದಲೇ ನಿಗದಿ. ಆಗ ಇಟ್ಟ ದರ ಹೀಗಿತ್ತು: 9ರಿಂದ 11ರ ವಯಸ್ಸಿನ ತರಬೇತಿಗೆ ವರ್ಷಕ್ಕೆ 3,000 ಪೌಂಡ್, ಅಲ್ಲಿಂದ 16ರವರೆಗೆ ಅಕಾಡೆಮಿಯ ದರ್ಜೆ ನೋಡಿ 12,500ರಿಂದ 40,000. ಹುಡುಗ ಮುಂದೆ ದೊಡ್ಡ ತಂಡದಲ್ಲಿ ಆಡಿದರೆ ಇನ್ನಷ್ಟು. ವರ್ಷಕ್ಕೆ ನೂರಾರು ಕೋಟಿ ಸಂಬಳ ಬಟವಾಡೆ ಮಾಡುವ ಕ್ಲಬ್ಬಿಗೆ ಇದು ಚಿಲ್ಲರೆ. ಲಂಡನ್ನಿನ ಬ್ರೆಂಟ್‌ಫರ್ಡ್ ಕ್ಲಬ್ 2016ರಲ್ಲಿ ತನ್ನ ಅಕಾಡೆಮಿಗೇ ಬೀಗ ಹಾಕಿತು. ಬೆಳೆಸಿದ ಒಳ್ಳೆ ಹುಡುಗರನ್ನು ದೊಡ್ಡವರು ಕಡಿಮೆ ದುಡ್ಡಿಗೆ ಒಯ್ಯುವುದಾದರೆ ಬೆಳೆಸುವುದು ಯಾಕೆ ಅನ್ನುವುದು ಅವರ ಲೆಕ್ಕ. ಪ್ರೀಮಿಯರ್ ಲೀಗಿಗೆ ಏರಿದ ಮೇಲೆ, 2022ರಲ್ಲಿ ಮತ್ತೆ ತೆರೆದರು.

ಅದೇ ಊರಿನ ಇನ್ನೊಂದು ಕ್ಲಬ್, ಕ್ವೀನ್ಸ್ ಪಾರ್ಕ್ ರೇಂಜರ್ಸ್, 2010ರಲ್ಲಿ ಹದಿನೈದರ ರಹೀಮ್ ಸ್ಟರ್ಲಿಂಗ್‌ನನ್ನು ಲಿವರ್‌ಪೂಲ್‌ಗೆ ಬಿಟ್ಟುಕೊಟ್ಟಿತು. ಕೊಡುವಾಗ ಒಂದು ಸಾಲು ಬರೆಸಿಕೊಂಡಿತು: ಮುಂದೆ ಮಾರಿದರೆ ನಮಗೆ ಶೇಕಡಾ 20ರ ಪಾಲು. 2015ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅವನಿಗೆ 49 ಮಿಲಿಯನ್ ಪೌಂಡ್‌ವರೆಗೆ ಕೊಡಲು ಒಪ್ಪಿತು. ಒಂದು ಸಾಲಿನ ಬೆಲೆ ಇದು. ನಮ್ಮಲ್ಲಿ ಕೋಳಿ ಸಾಕಲು ಕೊಟ್ಟರೂ ಮರಿ ಯಾರಿಗೆ ಅಂತ ಮೊದಲೇ ಮಾತಾಡಿಕೊಳ್ಳುತ್ತೇವೆ.

ಈಗ ಆ ಹನ್ನೊಂದು ಪುಟಕ್ಕೆ ಬರೋಣ. ಅಪ್ಪನ ಭಯ ಎಂಟು ವರ್ಷದ್ದು. ನಾನು ಹೇಳಿದ್ದು, ಅದಕ್ಕೆ ಅಷ್ಟು ಹೆದರಬೇಡಿ. 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಬರುವುದಿಲ್ಲ. ಮಾಡಿಕೊಂಡರೆ ಅದು ಹುಟ್ಟುವಾಗಲೇ ಸತ್ತ ಕಾಗದ. ಮೊಹರಿ ಬೀಬಿ ಮೊಕದ್ದಮೆಯಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಇದನ್ನು 1903ರಲ್ಲೇ ಹೇಳಿ ಮುಗಿಸಿದೆ.

"ಹಾಗಾದ್ರೆ ನಾನು ಸಹಿ ಹಾಕಿದ್ರೆ?"

ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಸಿನಿಮಾ ಲೋಕದಿಂದ ಬಂದಿದೆ. ರಾಜ್ ರಾಣಿ ಎಂಬ ಹುಡುಗಿಯ ಪರವಾಗಿ ಅವಳ ಅಪ್ಪ ಒಬ್ಬ ನಿರ್ಮಾಪಕನ ಜೊತೆ ನಟನೆಯ ಕರಾರು ಮಾಡಿಕೊಂಡಿದ್ದ. ಪಾತ್ರ ತಪ್ಪಿಹೋಯಿತು. ಅವಳು ಪರಿಹಾರ ಕೇಳಿದಳು. ಬಾಂಬೆ ಹೈಕೋರ್ಟ್ ಕೊಡಲಿಲ್ಲ. ಕೆಲಸ ಮಾಡಬೇಕಾದ್ದು ಮಗು, ಮಗುವಿನ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಆದ್ದರಿಂದ ಅಪ್ಪನ ಕರಾರಿಗೂ ಇಲ್ಲ ಎಂದಿತು. 1949ರ ತೀರ್ಪುಗಳ ಸಂಪುಟದಲ್ಲಿದೆ. ಇಲ್ಲಿ ಸೋತವಳು ಹುಡುಗಿ ಅನ್ನೋದನ್ನ ಗಮನಿಸಿ. ಕ್ಲಬ್ ಹುಡುಗನನ್ನು ಕಟ್ಟಿಹಾಕಲು ಬರುವುದಿಲ್ಲ ಅನ್ನುವುದು ಎಷ್ಟು ನಿಜವೋ, ಕ್ಲಬ್ ನಾಳೆ ಗೇಟಿನ ಹೊರಗೆ ನಿಲ್ಲಿಸಿದರೆ ಅದೇ ಕಾಗದ ಹಿಡಿದು ಹುಡುಗ ಕೇಳಲು ಬರುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಅಪ್ಪಂದಿರು ಮೊದಲನೆಯದನ್ನು ಕೇಳಿ ಖುಷಿಯಾಗಿ ಎದ್ದು ಹೋಗುತ್ತಾರೆ. ಎರಡನೆಯದನ್ನು ಕೂರಿಸಿ ಹೇಳಬೇಕು.

ಮೂರು ಪಟ್ಟು ಖರ್ಚಿನ ಮಾತು ಸ್ವಲ್ಪ ಬೇರೆ. ಅದು ಅಪ್ಪ ತನ್ನ ಹೆಸರಲ್ಲಿ, ತನ್ನ ಆಸ್ತಿಯ ಮೇಲೆ ಕೊಡುವ ಮಾತು. ಅಪ್ಪ ಅಪ್ರಾಪ್ತನಲ್ಲ. ಆ ಸಾಲಿನಿಂದ ನೋಟಿಸು ಬರಬಹುದು, ಕೋರ್ಟು ಅಲೆಯಬೇಕಾಗಬಹುದು. ಆದರೂ ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಕಾಗದದಲ್ಲಿ ಎಷ್ಟು ಬರೆದಿದ್ದರೂ ಅದೇ ಮೇಲ್ಮಿತಿ, ಅಷ್ಟೂ ಸಿಗುತ್ತದೆ ಅಂತಲ್ಲ. ಯುರೋಪಿನಲ್ಲೂ ಇಂಥದ್ದೇ ನಡೆದಿದೆ. ಫ್ರಾನ್ಸಿನ ಲಿಯಾನ್ ಕ್ಲಬ್ಬಿನಲ್ಲಿ ಬೆಳೆದ ಒಲಿವಿಯರ್ ಬರ್ನಾರ್ಡ್ 2000ದಲ್ಲಿ ಅವರ ಕರಾರು ಬೇಡ ಅಂತ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಹೋದ. ಲಿಯಾನ್ 53,357 ಯೂರೋ ಕೇಳಿತು. ಆ ಮೊತ್ತಕ್ಕೂ ತರಬೇತಿಯ ಖರ್ಚಿಗೂ ಸಂಬಂಧ ಇರಲಿಲ್ಲ. ಬೆಳೆಸಿದ ಕ್ಲಬ್ಬಿಗೆ ಖರ್ಚು ಕೊಡಿಸುವುದು ತಪ್ಪಲ್ಲ, ಆದರೆ ದಂಡದ ಥರ ವಸೂಲಿ ಮಾಡಬಾರದು ಎಂದು ಯುರೋಪಿಯನ್ ನ್ಯಾಯಾಲಯ 2010ರಲ್ಲಿ ಹೇಳಿತು. ನನಗೆ ಇದು ಸರಿ ಅನಿಸುತ್ತದೆ.

ಮೊದಲ ಹಕ್ಕಿನ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದೆ. ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಅವನ ಮ್ಯಾನೇಜ್‌ಮೆಂಟ್ ಕಂಪನಿ ಇಂಥದ್ದೇ ಹಕ್ಕು ಕೇಳಿತ್ತು. ಕರಾರು ಮುಗಿದ ಮೇಲೆ ಅದು 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಅಂದಹಾಗೆ, ಹದಿನೆಂಟು ತುಂಬದವರ ಜೊತೆ 3 ವರ್ಷಕ್ಕಿಂತ ಜಾಸ್ತಿ ಅವಧಿಯ ವೃತ್ತಿಪರ ಕರಾರನ್ನು ಜಾಗತಿಕ ಫುಟ್ಬಾಲ್ ಸಂಸ್ಥೆಯಾದ ಫಿಫಾದ ನಿಯಮವೂ ಒಪ್ಪುವುದಿಲ್ಲ.

ಇಷ್ಟೆಲ್ಲ ಕಾಗದದ ಮಾತು. ಆದರೆ ಫುಟ್ಬಾಲಿನಲ್ಲಿ ನಿಜವಾದ ಹಿಡಿತ ಕಾಗದದಲ್ಲಿ ಇಲ್ಲ, ನೋಂದಣಿಯಲ್ಲಿದೆ. ಇದನ್ನು ನಾನು ತಪ್ಪು ಮಾಡಿ ಕಲಿತೆ.

ಕೆಲವು ವರ್ಷದ ಹಿಂದೆ ಸಾಗರದ ಕಡೆಯ ಪಿಟಿ ಮೇಷ್ಟ್ರೊಬ್ಬರು ಒಬ್ಬ ಹುಡುಗನನ್ನು ಕರೆದುಕೊಂಡು ಬಂದಿದ್ದರು. ಶಾಲೆ ಬಿಟ್ಟ ಮೇಲೆ ಊರಿನ ಮಕ್ಕಳಿಗೆ ಆಟ ಹೇಳಿಕೊಡುವವರು. ಆ ಹುಡುಗನನ್ನು ಹನ್ನೊಂದರಿಂದ ಹದಿನಾರರವರೆಗೆ ಬೆಳೆಸಿದವರು ಅವರೇ. ಸ್ವಂತ ಸಂಬಳದಲ್ಲಿ ಚೆಂಡು, ಬಸ್ ಚಾರ್ಜು. ದೊಡ್ಡ ಅಕಾಡೆಮಿಯ ಕಾಗದ ಚೆನ್ನಾಗಿತ್ತು. ಓದಿದೆ, ಎರಡು ಸಾಲು ತಿದ್ದಿಸಿದೆ, ಕಳಿಸಿಕೊಟ್ಟೆ. ಮೂರು ವರ್ಷ ಆದ ಮೇಲೆ ಹುಡುಗನಿಗೆ ವೃತ್ತಿಪರ ಕರಾರು ಸಿಕ್ಕಿತು. ಮೇಷ್ಟ್ರು ಕೇಳಿದರು, "ಬೆಳೆಸಿದ ಕ್ಲಬ್ಬಿಗೂ ಏನೋ ಬರುತ್ತಂತಲ್ಲ ಸಾರ್? ನಮ್ಮ ಹುಡುಗರಿಗೆ ಬೂಟು ಆಗ್ತಿತ್ತು."

ಬರುತ್ತದೆ. ಹನ್ನೆರಡನೇ ಹುಟ್ಟುಹಬ್ಬದ ವರ್ಷದಿಂದ ಬೆಳೆಸಿದ ಕ್ಲಬ್ಬುಗಳಿಗೆ ಫಿಫಾ ಎರಡು ದಾರಿ ಇಟ್ಟಿದೆ. ಒಂದು ತರಬೇತಿ ಪರಿಹಾರ, ಅಂದರೆ ಬೆಳೆಸಿದ್ದಕ್ಕೆ ಹೊಸ ಕ್ಲಬ್ ಕೊಡುವ ದುಡ್ಡು. ಇನ್ನೊಂದು, ಆಟಗಾರ ಕರಾರಿನ ಮಧ್ಯೆ ದುಡ್ಡಿಗೆ ಬೇರೆ ದೇಶದ ಕ್ಲಬ್ಬಿಗೆ ಹೋದಾಗ ಆ ಮೊತ್ತದ ಶೇಕಡಾ 5ನ್ನು ತೆಗೆದು ಬೆಳೆಸಿದವರಿಗೆಲ್ಲ ಹಂಚುವುದು. 12ರಿಂದ 15ರವರೆಗೆ ವರ್ಷಕ್ಕೆ ಶೇಕಡಾ 0.25, ಅಲ್ಲಿಂದ 23ರವರೆಗೆ 0.5. 12ರಿಂದ 15ರವರೆಗಿನ ನಾಲ್ಕು ವರ್ಷ ಬೆಳೆಸಿದ ಊರ ಕ್ಲಬ್ಬಿಗೆ ಒಂದು ಕೋಟಿಯ ವರ್ಗಾವಣೆಯಲ್ಲಿ ಒಂದು ಲಕ್ಷ. ದೇಶದೊಳಗಿನ ವರ್ಗಾವಣೆಗೂ ಬೆಳೆಸಿದವರಿಗೆ ಸಿಗುವ ಏರ್ಪಾಡು ಇರಬೇಕು ಅಂತ ಎಲ್ಲ ದೇಶಗಳ ಒಕ್ಕೂಟಗಳಿಗೂ ಫಿಫಾ ಹೇಳಿದೆ. 2022ರ ಕೊನೆಯಿಂದ ಈ ಹಣ ಹಂಚಲು ಫಿಫಾ ಕ್ಲಿಯರಿಂಗ್ ಹೌಸ್ ಇದೆ. ಅದು ನೋಡುವುದು ಆಟಗಾರನ ಪಾಸ್‌ಪೋರ್ಟು, ಅಂದರೆ ಯಾವ ವರ್ಷ ಯಾವ ಕ್ಲಬ್ಬಿನಲ್ಲಿ ನೋಂದಣಿಯಾಗಿದ್ದ ಅನ್ನುವ ಪಟ್ಟಿ.

ಮೇಷ್ಟ್ರ ಹುಡುಗನ ಪಟ್ಟಿಯಲ್ಲಿ ಮೊದಲ ಹೆಸರೇ ದೊಡ್ಡ ಅಕಾಡೆಮಿಯದು. ಸಾಗರದ ಐದು ವರ್ಷ ಎಲ್ಲೂ ಇಲ್ಲ. ಮೇಷ್ಟ್ರ ತಂಡ ಯಾವ ಸಂಸ್ಥೆಗೂ ಸೇರಿರಲಿಲ್ಲ, ಹುಡುಗನ ಹೆಸರು ಎಲ್ಲೂ ದಾಖಲಾಗಿರಲಿಲ್ಲ. ಮೇಷ್ಟ್ರ ಹತ್ತಿರ ಇದ್ದದ್ದು ಹಾಜರಿಯ ನೋಟ್‌ಬುಕ್ಕು, ಕೆಲವು ಫೋಟೋ. ಎದುರಿಗೆ ಇದ್ದ ಕಾಗದ ಓದಿದ್ದೆ. ಇಲ್ಲದ ಕಾಗದ ಎಲ್ಲಿ ಅಂತ ಕೇಳಿರಲಿಲ್ಲ. ಕ್ವೀನ್ಸ್ ಪಾರ್ಕಿನವರ ಹಾಗೆ ಒಂದು ಸಾಲು ಬರೆಸಿಕೊಳ್ಳಬಹುದಿತ್ತು. ಅದೂ ಹೊಳೆಯಲಿಲ್ಲ.

ಹಾಗಂತ ನಾನು ದೊಡ್ಡ ಕ್ಲಬ್ಬಿನ ವಿರೋಧಿಯಲ್ಲ. ಜೂನ್ ಬಂದರೆ ನಮ್ಮ ಮೈದಾನಗಳಲ್ಲಿ ನಾಟಿ ಮಾಡಬಹುದು. "ಇಲ್ಲೇ ಇದ್ರೆ ಮಳೆಗಾಲದಲ್ಲಿ ಕೆಸರುಗದ್ದೆ ಓಟವೇ ಗತಿ, ಹೋಗ್ಲಿ ಬಿಡಿ" ಅಂದವರು ಮೇಷ್ಟ್ರೇ. ಒಳ್ಳೆ ಟರ್ಫು, ಫಿಸಿಯೋ, ಲೆಕ್ಕ ಹಾಕಿ ಬಡಿಸುವ ಊಟ ಇವೆಲ್ಲ ಹೊಸನಗರದಲ್ಲಿ ಸಿಗಲ್ಲ. ಯುರೋಪಿಗೆ ಕಳಿಸುತ್ತೇವೆ, ಇಷ್ಟು ಲಕ್ಷ ಕಟ್ಟಿ ಅಂದವರನ್ನು ಮಾತ್ರ ಬಾಗಿಲಿನಿಂದಲೇ ಕಳಿಸಿ. ಹದಿನೆಂಟಕ್ಕೆ ಮೊದಲು ದೇಶದಾಚೆ ವರ್ಗಾವಣೆಗೆ ಫಿಫಾ ಅವಕಾಶ ಕೊಡುವುದು ಕೆಲವೇ ವಿನಾಯಿತಿಗಳಲ್ಲಿ. ಅವು ತೋಟದ ಮನೆಯ ಹುಡುಗನಿಗೆ ಹೊಂದುವುದು ಅಪರೂಪ. ಈ ನಿಯಮ ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾಕ್ಕೇ ಆಟಗಾರರನ್ನು ಕೊಳ್ಳದ ಹಾಗೆ ನಿಷೇಧ ಬಿತ್ತು. ಶಿಕ್ಷೆ ಕ್ಲಬ್ಬಿಗೆ, ಪಂದ್ಯ ಆಡಲಾಗದೆ ಕೂತದ್ದು ಮಕ್ಕಳು.

ಹೊಸನಗರದವರಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಮಗ ಇಲ್ಲಿಯವರೆಗೆ ಆಡಿದ ಊರಿನ ಕ್ಲಬ್ಬಿನ ನೋಂದಣಿ ಅಖಿಲ ಭಾರತ ಫುಟ್ಬಾಲ್ ಒಕ್ಕೂಟದ ಆನ್‌ಲೈನ್ ವ್ಯವಸ್ಥೆಯಲ್ಲಿ ಇದೆಯಾ ನೋಡಿಸಿ. ಮಂಡಿ ಮುರಿದರೆ ಆಪರೇಷನ್ ಖರ್ಚು ಯಾರದು ಅಂತ ಬರೆಸಿ. ಕೈಬಿಡುವುದಾದರೆ ಶಾಲೆಯ ವರ್ಷದ ಮಧ್ಯೆ ಬಿಡಬೇಡಿ ಅನ್ನಿ, ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗಂತೂ ಬೇಡವೇ ಬೇಡ. ಒರಿಜಿನಲ್ ಯಾವುದೂ ಕೊಡಬೇಡಿ.

ಹದಿನೈದು ದಿನ ಬಿಟ್ಟು ಬಂದರು. ಎಂಟು ವರ್ಷ ಮೂರಾಗಿತ್ತು. ಮೂರು ಪಟ್ಟಿನ ಸಾಲು ಹೋಗಿತ್ತು. ಮಂಡಿಯ ಖರ್ಚಿಗೆ ವಿಮೆ ಅಂದಿದ್ದರು, ಎಷ್ಟರವರೆಗೆ ಅಂತ ಬರೆದಿರಲಿಲ್ಲ. ಮತ್ತೆ ಕೇಳಿ ಅಂದೆ. ಊರಿನ ಕ್ಲಬ್ಬಿನಲ್ಲಿ ಹುಡುಗನ ನೋಂದಣಿ ಒಂದೇ ವರ್ಷದ್ದು ಸಿಕ್ಕಿತು, ಅಷ್ಟಾದರೂ ಇದೆ.

ಶಾಲೆ ಶುರುವಾಗುವ ಹೊತ್ತಿಗೆ ಹುಡುಗ ಬಸ್ಸು ಹತ್ತಿದ. ಜನನ ಪ್ರಮಾಣಪತ್ರ ಮನೆಯ ಬೀರುವಿನಲ್ಲೇ ಇದೆ, ತೋಟದ ಪಹಣಿಯ ಪಕ್ಕ.